ಹೊಸ್ತಿಲ ಮೇಲಿನ ರೂತಮ್ಮ

ಯಡ್ರಾಮಿಯ ಸಣ್ಣ ಚರ್ಚಿನಲ್ಲಿ ಎಡಕ್ಕೆ ಗಂಡಸರ ಚಾಪೆ, ಬಲಕ್ಕೆ ಹೆಂಗಸರದು. ಗಂಡಾಗಿ ಹುಟ್ಟಿ ಸೀರೆಯುಟ್ಟು ಹೆಣ್ಣಾಗಿ ಬಾಳುತ್ತಿದ್ದ ರೂತಮ್ಮ ಮಾತ್ರ ಒಂಬತ್ತು ವರ್ಷ ಹೊಸ್ತಿಲ ಮೇಲೆಯೇ ಕುಳಿತಳು. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕಸ ಹೊಡೆದು ಕೊಡ ತುಂಬಿಡುವಳು. ಹಾಡು ಶುರುವಾದರೆ ಅವಳ ದನಿ ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಯಾಕೆ ಅಲ್ಲೇ ಕೂತೆ ಎಂದರೆ, "ಇಲ್ಲಿ ಗಾಳಿ ಛಲೋ ಬರ್ತದ್ರಿ," ಎನ್ನುವಳು; ಡಿಸೆಂಬರಿನ ಚಳಿಗೆ ಹಲ್ಲು ಕಟಕಟ ಎಂದರೂ ಅದೇ ಉತ್ತರ. ಒಳಗೆ ಬಾ ಎಂದು ಒಬ್ಬರಾದರೂ ಕರೆದಾರೆಂದು ವಾರವಾರವೂ ಕಾದಳು. ಎಂಬತ್ತೆಂಟರ ಕ್ರಿಸ್‌ಮಸ್ಸಿಗೆ ಸಭೆಯ ಹಿರಿಯಳು ಮಲ್ಕಮ್ಮ ಪ್ರಾರ್ಥನೆಯ ನಡುವೆಯೇ ಎದ್ದು ಬಂದು ಅವಳ ಕೈ ಹಿಡಿದಳು: "ಒಳಗ ಬಾ ಬೇ ತಂಗಿ, ನಮ್ಮ ಚಾಪಿ ಮ್ಯಾಲ ಜಾಗ ಅದ." ಪಾದ್ರಿಗಳು ಪ್ರಾರ್ಥನೆ ನಿಲ್ಲಿಸಿ, "ಕೂಡ್ರವ್ವಾ," ಎಂದರು. ರೂತಮ್ಮ ಕೂತಳು, ಪಾದ್ರಿಗಳ ಪ್ರಸಂಗ ಮುಗಿಯುವವರೆಗೂ ಮಲ್ಕಮ್ಮನ ಹೆಗಲಿಗೊರಗಿ ಗಾಢವಾಗಿ ನಿದ್ದೆ ಹೋದಳು.