ಸಂತೆಯಲ್ಲಿ ಅಂಗಿ ಬಿಚ್ಚಿದ ಸಾಹುಕಾರರು

ಶಾಲೆಯ ಕೆಲಸವನ್ನು ಬಿಟ್ಟು ನಾನು ಜೀವವಿಮೆಯ ಏಜೆಂಟನಾದ ಕಾಲಕ್ಕೆ ನಮ್ಮ ಗೋಕಾಕದಲ್ಲಿ ಆ ಉದ್ಯೋಗಕ್ಕೆ ಮರ್ಯಾದೆ ಇರಲಿಲ್ಲ. ಬದುಕಿ ಕುಳಿತವರ ಎದುರಿಗೆ ಅವರ ಸಾವಿನ ನಂತರದ ಮಾತನ್ನಾಡುವವನನ್ನು ಯಾರು ತಾನೇ ಒಳಗೆ ಕರೆದಾರು? ಉಳಿತಾಯದ ಬಗೆ, ಮಕ್ಕಳ ವಿದ್ಯೆಗೆ ಕೂಡಿಡುವ ಕ್ರಮ ಇವನ್ನೆಲ್ಲ ನಾನು ಎಷ್ಟು ಅಚ್ಚುಕಟ್ಟಾಗಿ ವಿವರಿಸಿದರೂ ಕೇಳುವವರು ಹೊಸ್ತಿಲ ಆಚೆಗೇ ನಿಂತು ಕೇಳುತ್ತಿದ್ದರು. ಒಂದು ಸಂಗತಿಯನ್ನು ಬೇಗ ಕಲಿತೆ: ನನ್ನ ಮಾತಿಗಿಂತ ಮೊದಲು, ಅವರು ನಂಬಿದ ಇನ್ನೊಬ್ಬರ ಮಾತು ಆ ಮನೆಯನ್ನು ತಲುಪಿರಬೇಕು. ಅಂದಿನಿಂದ ಹಳೆಯ ವಿದ್ಯಾರ್ಥಿಯ ತಂದೆಯಿಂದ ಅವರ ಬೀಗರಿಗೆ, ಬೀಗರಿಂದ ಅವರ ಅಂಗಡಿಯ ಪಾಲುದಾರರಿಗೆ, ಹೀಗೆ ಪರಿಚಯದ ಎಳೆ ಹಿಡಿದೇ ಸೈಕಲ್ ತುಳಿದೆ.

ಆ ಎಳೆಗಳೆಲ್ಲ ಕೂಡುವ ಗಂಟು ಮೂಡಲಗಿಯಲ್ಲಿತ್ತು. ಅಲ್ಲಿ ಬೆಲ್ಲದ ದಲಾಲಿ ಅಂಗಡಿ ನಡೆಸುತ್ತಿದ್ದ ಸಾಹುಕಾರರ ಮಗನಿಗೆ ನಾನು ಪಾಠ ಹೇಳಿದ್ದೆ. ಸಂತೆಯ ದಿನ ಅವರು ನನ್ನನ್ನು ತಮ್ಮ ಗಾದಿಯ ಪಕ್ಕದಲ್ಲಿ ಕೂರಿಸಿಕೊಂಡು, ಹಣೆಯ ವಿಭೂತಿಯನ್ನು ತಿದ್ದಿಕೊಳ್ಳುತ್ತ, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಇವರು ನಮ್ಮ ಮಾಸ್ತರು. ಸುಳ್ಳು ಅನ್ನೂದು ಇವರ ಬಾಯಾಗ ಬರೂದಿಲ್ಲ. ಏನ್ ಹೇಳ್ತಾರ, ಕೇಳ್ರಿ.” ಕೌಜಲಗಿಯಿಂದ ಹುಕ್ಕೇರಿಯವರೆಗೆ ಬಾಗಿಲುಗಳು ತೆರೆದದ್ದು ಆ ಒಂದು ಮಾತಿನಿಂದ.

ಒಂದು ಸಂತೆಯಲ್ಲಿ ಯಾರೋ ಕೆಣಕಿದರು. “ಮಂದಿಗೆಲ್ಲಾ ಮಾಡಸ್ತೀರಿ ಸಾವಕಾರ್ರ, ನಿಮ್ದು ಮಾಡಿಸೀರೇನು?” ಸಾಹುಕಾರರಿಗೆ ಅದು ನಾಟಿತು. ಅಲ್ಲಿಯೇ ಅರ್ಜಿಗೆ ಸಹಿ ಹಾಕಿದರು. ವಿಮೆಗೆ ಮೊದಲು ವೈದ್ಯರ ತಪಾಸಣೆ ಆಗಲೇಬೇಕು. ಎಲ್ಲರನ್ನೂ ನಾನು ಗೋಕಾಕದ ಡಾಕ್ಟರರ ದವಾಖಾನೆಗೇ ಕರೆದೊಯ್ಯುತ್ತಿದ್ದೆ. ಸಾಹುಕಾರರು ಒಪ್ಪಲಿಲ್ಲ. “ನಾ ಯಾಕ ಅಲ್ಲಿ ರೋಗಿಗಳ ಸಾಲಿನಾಗ ಬಾಕಿನ ಮ್ಯಾಲ ಕುಂಡ್ರಲಿ? ಅವರನ್ನ ಇಲ್ಲಿಗೆ ಕರ್ಕೊಂಡು ಬರ್ರಿ.”

ಡಾಕ್ಟರರು ಮೋಟಾರಿನಲ್ಲಿ ಬಂದರು. ಕೈಪೆಟ್ಟಿಗೆ ಹಿಡಿದು ಒಳಗೆ ಹೋದರು, ಬಾಗಿಲು ಮುಚ್ಚಿತು. ಬಹಳ ಹೊತ್ತಿನ ಮೇಲೆ ತಪಾಸಣೆಗೆ ಮೂತ್ರ ತುಂಬಿದ ಒಂದು ಸಣ್ಣ ಬಾಟಲಿಯೊಡನೆ ಹೊರಬಂದು ಮೋಟಾರು ಹತ್ತಿದರು. ಆ ದಿನಗಳಲ್ಲಿ ಗೋಕಾಕದ ಡಾಕ್ಟರರು ಹಳ್ಳಿಯ ಮನೆಗೆ ಬರುತ್ತಿದ್ದುದು ರೋಗ ಕೈಮೀರಿದಾಗ ಮಾತ್ರ. ನಿರೋಗಿಯ ಎದೆಯನ್ನು ಯಾರಾದರೂ ಅಳೆದಾರೆಂದು ಮೂಡಲಗಿಯ ಓಣಿ ಊಹಿಸುವುದು ಹೇಗೆ? ಮಾತು ಹೊರಟಾಗ ಎದೆನೋವಾಗಿತ್ತು, ಕೌಜಲಗಿಯಲ್ಲಿ ಕ್ಷಯವಾಯಿತು. ಆಮೇಲೆ ಹುಕ್ಕೇರಿಯನ್ನು ತಲುಪಿತು, ಅದೂ ನನ್ನ ಹೆಸರು ಯಾವ ಅಂಗಡಿಗಳನ್ನು, ಯಾವ ಬೀಗರ ಮನೆಗಳನ್ನು ಹಾದುಹೋಗಿತ್ತೋ ಅದೇ ದಾರಿಯಲ್ಲಿ.

ಹುಕ್ಕೇರಿಗೆ ತಲುಪಬಾರದಿತ್ತು. ಸಾಹುಕಾರರ ಮಗಳನ್ನು ಅಲ್ಲಿಯ ಒಂದು ಮನೆತನಕ್ಕೆ ಕೊಡುವ ಮಾತಾಗಿತ್ತು. ಮದುವೆ ನಿಶ್ಚಯಿಸುವ ಸಕ್ಕರೆಪುಡಿಯ ಶಾಸ್ತ್ರವೊಂದೇ ಉಳಿದಿತ್ತು. ಹುಡುಗನ ತಂದೆ ಹಿಡಕಲ್ಲಿನ ಅಣೆಕಟ್ಟೆಯ ಕೆಲಸಕ್ಕೆ ಕಲ್ಲು ಒದಗಿಸುವ ಗುತ್ತಿಗೆದಾರರು. ಸಾಹುಕಾರರ ಮಾತಿನ ಮೇಲೆ ನನ್ನಲ್ಲಿ ವಿಮೆ ಮಾಡಿಸಿದವರು. ಅವರು ನನ್ನನ್ನು ಕರೆಸಿ ಪಡಸಾಲೆಯಲ್ಲಿ ಕೂರಿಸಿದರು.

“ಮಾಸ್ತರ್ರ, ಖರೇ ಹೇಳ್ರಿ. ಡಾಕ್ಟರ್ ಏನ್ ಬರದಾರ?”

“ಅವರ ವರದಿ ಮೊಹರಾಗಿ ನೇರವಾಗಿ ಕಚೇರಿಗೆ ಹೋಗುತ್ತದೆ. ನನಗೆ ಗೊತ್ತಾಗುವುದಿಲ್ಲ.”

“ನಿಮಗ ಗೊತ್ತಿಲ್ಲಂದ್ರ ಯಾರ್ ನಂಬ್ಯಾರ? ಗಟ್ಟಿ ಅದಾರ ಅನ್ರಿ, ಸಾಕು. ನಾಳಿಗೇ ಸಕ್ಕರಿ ಹಿಡಕೊಂಡು ಹೊಂಡತೀವಿ.”

ನನ್ನ ಕಣ್ಣಿಗೆ ಸಾಹುಕಾರರು ಗಟ್ಟಿಯಾಗಿಯೇ ಇದ್ದರು. ಹಾಗೆಂದು ಹೇಳಬಹುದಿತ್ತು. ಆದರೆ ಒಬ್ಬರ ದೇಹದ ವಿಷಯವನ್ನು ಇನ್ನೊಬ್ಬರ ಪಡಸಾಲೆಯಲ್ಲಿ ಒಮ್ಮೆ ಆಡಿದರೆ, ಮುಂದೆ ಯಾರ ಬಗ್ಗೆ ನಾನು ಬಾಯಿ ತೆರೆಯುವುದಿಲ್ಲವೋ ಅವರೆಲ್ಲ ರೋಗಿಗಳೆಂದೇ ಅರ್ಥವಾಗುತ್ತದೆ. ಈ ತರ್ಕವನ್ನು ಅವರಿಗೆ ಕ್ರಮವಾಗಿ ವಿವರಿಸಿದೆ. ಅವರು ಗಮನವಿಟ್ಟು ಕೇಳಿ, “ಹಂಗಂದ್ರ ಏನೋ ಐತಿ” ಎಂದರು.

ಮೂಡಲಗಿಗೆ ಬಂದು ನಡೆದದ್ದನ್ನು ಸಾಹುಕಾರರಿಗೆ ತಿಳಿಸಿದೆ. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. “ನಿಮ್ಮ ಬಾಯಿ ಬ್ಯಾಡ ಬಿಡ್ರಿ. ಮಂದಿ ಕಣ್ಣಿಗೇ ತೋರಸೋಣು” ಎಂದರು. ನಾನು ಬೇಡವೆಂದೆ. ಡಾಕ್ಟರರೂ ಮೊದಲು ಒಪ್ಪಲಿಲ್ಲ. ಮಗಳ ಬಾಳಿನ ಪ್ರಶ್ನೆ ಎಂದು ಸಾಹುಕಾರರು ಕೈಮುಗಿದಾಗ ಬಂದರು.

ಮುಂದಿನ ಸಂತೆಯಲ್ಲಿ, ಬೆಲ್ಲದ ಪೆಂಟೆಗಳ ನಡುವೆ, ಓಣಿಗೆಲ್ಲ ದೊಡ್ಡವರೆನಿಸಿಕೊಂಡ ಆ ಮನುಷ್ಯರು ತಲೆಯ ಪಟಕಾ ತೆಗೆದಿಟ್ಟು, ಅಂಗಿ ಬಿಚ್ಚಿ, ಅಂಗಡಿಯ ಕಟ್ಟೆಯ ಮೇಲೆ ನಿಂತರು. ಡಾಕ್ಟರರು ಎದೆಗೆ ನಳಿಕೆ ಹಚ್ಚಿದರು, ಟೇಪು ಸುತ್ತಿದರು.

“ಹೊಟ್ಟೀನೂ ಅಳೀರಿ ಡಾಕ್ಟರ್ರ! ಟೇಪ ಸಾಲತೈತೋ ಇಲ್ಲೋ!” ಎಂದು ಒಬ್ಬ ಕೂಗಿದ. ಸಂತೆ ನಕ್ಕಿತು, ಸಾಹುಕಾರರೂ ನಕ್ಕರು.

“ಎದಿ ಕಲ್ಲಿದ್ದಂಗ ಐತ್ರಿ,” ಎಂದು ಡಾಕ್ಟರರು ಎಲ್ಲರಿಗೂ ಕೇಳುವಂತೆ ಹೇಳಿದರು.

ಆಮೇಲೆ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. “ನಮ್ದೂ ಒಂದೀಟು ನೋಡ್ರಿ” ಎಂದು ಜನ ಕಟ್ಟೆ ಹತ್ತತೊಡಗಿದರು. ಬಾಗಿಲು ಮುಚ್ಚಿ ನಡೆಯುವ ಆ ತಪಾಸಣೆಗೇ ಅವರು ಇಷ್ಟು ದಿನ ಹೆದರಿದ್ದರೆಂದು ಆಗ ತಿಳಿಯಿತು. ವರ್ಷಗಟ್ಟಲೆ ಸೈಕಲ್ ತುಳಿದು ಗಳಿಸದಷ್ಟು ಗಿರಾಕಿಗಳು ಆ ಒಂದು ಸಂತೆಯಲ್ಲಿ ನನಗೆ ಸಿಕ್ಕರು.

ಎರಡೂ ಮನೆಗಳ ನಡುವೆ ಮದುವೆಯ ಮಾತು ಆಡಿಸುತ್ತಿದ್ದ ಮಠದ ಅಯ್ಯನವರು ಅದರ ಮುಂದಿನ ಸಂತೆಯ ದಿನ ಹುಕ್ಕೇರಿಯಿಂದ ಬಂದರು. ಸಾಹುಕಾರರು ನನ್ನನ್ನೂ ಒಳಗೆ ಕರೆದರು. ಅಯ್ಯನವರು ನೀರು ಸಹ ಮುಟ್ಟದೆ ಹೇಳಿದರು: “ಹುಕ್ಕೇರಿಯವರು ರೋಗದ ಮಾತು ಬಿಟ್ಟಾರ್ರಿ. ಆದ್ರ ಸಂತ್ಯಾಗ ಅಂಗಿ ಬಿಚ್ಚಿ ನಿಂದ್ರೂ ಮನಿತನ ನಮಗ ಬ್ಯಾಡ ಅಂದ್ರು.”

ಅಡುಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. ಆದರೂ ಒಳಗೆ ಬಂದು ಮೊದಲು ಅಯ್ಯನವರಿಗೆ, ಆಮೇಲೆ ನನಗೆ ಬಟ್ಟಲು ಕೊಟ್ಟಳು. ತಂದೆಯ ಮುಂದೆ ಬಟ್ಟಲಿಟ್ಟು, “ಆರತೈತಿ, ಕುಡೀರಿ ಅಪ್ಪಾ” ಎಂದಳು. ಸಾಹುಕಾರರು ಕುಡಿಯಲಿಲ್ಲ. ಅಂಗಡಿಯ ಕಡೆಗೆ ಕೈ ತೋರಿಸಿ, “ಮಾಸ್ತರ್ರ, ಹೊರಗ ಮಂದಿ ನಿಮ್ಮ ಸಲುವಾಗಿ ಕುಂತಾರ. ಹೋಗ್ರಿ, ಕಾಯಸಬ್ಯಾಡ್ರಿ” ಎಂದರು.

ಹೋದೆ. ಮಮದಾಪುರದಿಂದ ಬಂದಿದ್ದ ಅಣ್ಣತಮ್ಮಂದಿರಿಬ್ಬರು ಎದ್ದು ನಿಂತು ನಮಸ್ಕರಿಸಿದರು. ಅವರಿಗೆ ಉಳಿತಾಯದ ಬಗೆ, ಮಕ್ಕಳ ವಿದ್ಯೆಗೆ ಕೂಡಿಡುವ ಕ್ರಮ ಎಲ್ಲವನ್ನೂ ಮೊದಲಿನಿಂದ, ಒಂದು ಪದವೂ ತಪ್ಪದಂತೆ, ವಿವರಿಸಿ ಹೇಳಿದೆ.