ಏರ್‌ಬ್ಯಾಗ್ ಮೇಲೆ ಕೂತ ಗಣಪತಿ

ಬೆಳಗಾವಿಯಲ್ಲಿ ನಾದಿನಿಯ ಮಗಳ ಮದುವೆ. ಆ ಗದ್ದಲದಲ್ಲಿ ನಮ್ಮ ಮನೆಯವರು ಕಾರಿನ ವಿಮೆಯ ತಾರೀಖು ಮರೆತರು. ನಾಲ್ಕು ದಿನ ತಪ್ಪಿತು. ಹಾಗೆ ತಪ್ಪಿದರೆ ಕಂಪನಿಯವರು ಬರೀ ಹಣ ಕಟ್ಟಿಸಿಕೊಂಡು ಬಿಡುವುದಿಲ್ಲ. ಒಬ್ಬರನ್ನು ಕಳಿಸಿ, ಗಾಡಿ ಸುತ್ತ ನೋಡಿಸಿ, ಫೋಟೋ ತೆಗೆಸಿ, ಆಮೇಲೆ ಹೊಸ ಪಾಲಿಸಿ ಕೊಡುತ್ತಾರೆ. ಆ ನಾಲ್ಕು ದಿನ ನಾವು ಬಸ್ಸಿನಲ್ಲೇ ಓಡಾಡಿದೆವು, ಗಾಡಿ ಪಾರ್ಕಿಂಗಿನಲ್ಲಿ ಸುಮ್ಮನೆ ನಿಂತಿತ್ತು. ಅದೂ ದೇವರ ದಯೆಯೇ ಎಂದುಕೊಂಡೆ. ಮರೆತದ್ದು ಅದಕ್ಕಿಂತ ದೊಡ್ಡ ದಯೆ ಎಂದು ತಿಳಿದದ್ದು ಮಂಗಳವಾರ.

ಅವತ್ತು ನೋಡಲು ಬಂದವರು ಐವತ್ತರ ಆಸುಪಾಸಿನ ಮರಾಠಿ ಗೃಹಸ್ಥರು, ಕನ್ನಡಕವನ್ನು ದಾರದಿಂದ ಕೊರಳಿಗೆ ಹಾಕಿಕೊಂಡಿದ್ದರು. ಹೊರಗೆ ನಾಲ್ಕೂ ಕಡೆ ಫೋಟೋ ತೆಗೆದರು. ಎಡಬಾಗಿಲು ತೆರೆದು ಒಳಗೆ ಬಗ್ಗಿದವರು ಕನ್ನಡಕ ಏರಿಸಿಕೊಂಡು, "ಕಾಕೂ, ಈ ಗಣಪತೀನ ಇಲ್ಲಿ ಯಾರು ಕೂಡಿಸಿದರು?" ಎಂದು ಮರಾಠಿಯಲ್ಲಿ ಕೇಳಿದರು.

ಕೂಡಿಸಿದವಳು ನಾನೇ. ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರದ ಹಿತ್ತಾಳೆಯ ಗಣಪತಿ. ಅತ್ತೆಯವರು ಮದುವೆಯಾಗಿ ಬರುವಾಗ ಧಾರವಾಡದಿಂದ ತಂದದ್ದು. ಕಾರು ಕೊಂಡ ದಿನ ಪೂಜೆಯಾದ ಮೇಲೆ ಅತ್ತೆ, "ನಡುವ ಕೂಡಸ್ರಿ, ಎಲ್ಲಾರಿಗೂ ಕಾಣಲಿ" ಎಂದಿದ್ದರು. ಅವರ ಮೊಣಕಾಲು ಮಡಚುವುದಿಲ್ಲ, ಹಿಂದಿನ ಸೀಟಿಗೆ ಹತ್ತಲಾರರು, ಯಾವಾಗಲೂ ಮುಂದೆ ಎಡಗಡೆಯೇ ಕೂರುವುದು. ಕೈ ಚಾಚಿದರೆ ದೇವರು ಸಿಗಲಿ ಎಂದು ನಾನೇ ಹಟ ಹಿಡಿದು ಅವರ ಎದುರಿಗೇ, ಡ್ಯಾಶ್‌ಬೋರ್ಡಿನ ಮೇಲೆ, ಜಾಗ ತೋರಿಸಿದೆ. ನಮ್ಮವರು ಈ ಮರಾಠಿ ಊರಿನಲ್ಲೇ, ಭೋಸರಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಅಲ್ಲಿ ಲೋಹಕ್ಕೆ ಹಚ್ಚುವ ಅಂಟು ತಂದು ಕೂರಿಸಿ, "ಇನ್ನ ಭೂಕಂಪಾದ್ರೂ ಅಲುಗಾಡಂಗಿಲ್ಲ" ಎಂದು ಕೈ ಒರೆಸಿಕೊಂಡಿದ್ದರು. ಪೀಠದ ಅಂಚಿನಲ್ಲಿ, ಕೆಳಗಿನ ಮುಚ್ಚಳದ ಮೇಲೆ, ಏನೋ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಕಂಪನಿಯ ಹೆಸರಿರಬೇಕು ಅಂದುಕೊಂಡು ಬಿಟ್ಟೆವು.

ಅದು ಏರ್‌ಬ್ಯಾಗ್ ಎಂದು ಬರೆದದ್ದಂತೆ. ಗಾಡಿ ಎಲ್ಲಾದರೂ ಜೋರಾಗಿ ಬಡಿದರೆ ಆ ಮುಚ್ಚಳ ಹರಿದು ಚೀಲ ಉಬ್ಬಿ ಬರುತ್ತದೆ, ಕಣ್ಣು ಮಿಟುಕಿಸುವುದರೊಳಗೆ. ಅದರ ಮೇಲೆ ಕೂತದ್ದು ಏನಿದ್ದರೂ ಗುಂಡಿನ ಹಾಗೆ ಎದುರಿಗಿದ್ದವರ ಮುಖಕ್ಕೆ. ಅವರು ಇದನ್ನು ಮೆಲ್ಲಗೆ, ದೇವರಿಗೆ ಕೇಳಿಸಬಾರದೆನ್ನುವ ಹಾಗೆ ಹೇಳಿದರು. "ಇಲ್ಲಿ ಯಾರು ಕೂರುತ್ತಾರೆ?"

"ನಮ್ಮ ಅತ್ತೆ. ಎಂಬತ್ತೊಂದು ವರ್ಷ."

ಮೂರು ವರ್ಷ, ಪ್ರತಿ ಗುರುವಾರ, ಊರಿನ ಆ ತುದಿಯ ಮಠಕ್ಕೆ ಅವರನ್ನು ಇದೇ ಸೀಟಿನಲ್ಲಿ ಕೂರಿಸಿ ಕರೆದುಕೊಂಡು ಹೋಗಿದ್ದೇವೆ.

ನಮ್ಮವರಿಗೆ ಮೊದಲು ನೆನಪಾದದ್ದು ವಿಮೆ. "ಇದನ್ನ ತೆಗೆದರ ವಿಮಾ ಏನರ ಕಡಿಮಿ ಆಗತದೇನ್ರಿ?" ಎಂದು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕೇಳಿದರು. ಬಂದವರು ನಕ್ಕರು. ಕಳ್ಳರು ಒಯ್ಯದ ಹಾಗೆ ಒಪ್ಪಿಗೆಯಾದ ಸಾಧನ ಹಾಕಿಸಿದರೆ ಚೂರು ರಿಯಾಯಿತಿ ಉಂಟು, ವರ್ಷವಿಡೀ ವಿಮೆಯ ಹಣ ಕೇಳದಿದ್ದರೆ ಮರುವರ್ಷ ರಿಯಾಯಿತಿ ಉಂಟು, ಆದರೆ ಬೆಲ್ಟ್ ಹಾಕಿ ಸರಿಯಾಗಿ ಕೂತದ್ದಕ್ಕೆ ಯಾರೂ ಪೈಸೆ ಬಿಡುವುದಿಲ್ಲ ಎಂದರು. ತೆಗೆಯುವಾಗ ಮುಚ್ಚಳ ಹರಿದರೆ ಅದನ್ನು ವಿಮೆಯಲ್ಲಿ ಕೇಳಬೇಡಿ, ಅಪಘಾತವೇ ಅಲ್ಲ ಅನ್ನುತ್ತಾರೆ ಎಂದೂ ಎಚ್ಚರಿಸಿದರು. ಗಾಡಿ ಕಳುವಾಗದಿದ್ದರೆ ಕಂಪನಿಗೆ ಲಾಭ, ಅದು ನನಗೆ ತಿಳಿಯುತ್ತದೆ. ಒಳಗೆ ಕೂತ ಮುದುಕಿಯ ಮುಖ ಉಳಿದರೆ ಲಾಭ ಯಾರಿಗೆ? ನಮಗೆ ಮಾತ್ರ. ಹಾಗಾದರೆ ಅದರ ಚಿಂತೆಯನ್ನೂ ನಾವೇ ಮಾಡಬೇಕು. ಸಂಜೆ ಪಾಲಿಸಿ ಮೊಬೈಲಿಗೆ ಬಂತು. ಅದರಲ್ಲಿ ಗಾಡಿಯ ಬಣ್ಣದಿಂದ ಹಿಡಿದು ಎಂಜಿನ್ನಿನ ನಂಬರಿನ ತನಕ ಎಲ್ಲ ಇತ್ತು, ಗಣಪತಿಯ ಮಾತಿರಲಿಲ್ಲ.

ಗುರುವಾರಕ್ಕೆ ಒಂದೇ ದಿನ ಉಳಿದಿತ್ತು. ಅತ್ತೆಗೆ ಹೇಳಿದೆವು.

"ಕೂಡಿಸಿದ ದೇವರನ್ನ ಯಾರೋ ಬಂದು ತೆಗೀರಿ ಅಂದ್ರ ತೆಗೀತೀರೇನು? ನಾಳೆ ಅವರು ಬಂದು ದೇವರಮನೀನ ತೆಗೀರಿ ಅಂತಾರ."

"ಅವ್ವಾ, ಹಂಗಲ್ಲ. ಬಡದ್ರ ನಿನ್ನ ಮಾರಿಗೇ ಬರತದ."

"ಅವನು ನನ್ನ ಮಾರಿಗೆ ಬರ್ತಾನ? ಅರವತ್ತು ವರ್ಷ ಹುಣಸೀಹಣ್ಣು ಹಚ್ಚಿ ತಿಕ್ಕೇನಿ ಅವನ್ನ."

"ಹಂಗಾದ್ರ ನೀವು ಹಿಂದ ಕೂಡ್ರಿ, ಅತ್ತಿಯವರ" ಎಂದೆ.

"ಹಿಂದ ಕೂಡಸಾಕ ಕ್ರೇನ್ ತರಸು."

ಕೊನೆಗೆ ಅವರೇ ದಾರಿ ಹೇಳಿದರು. ಪ್ರಸಾದ ಕೇಳೋಣ; ಬಲಗಡೆ ಹೂ ಕೊಟ್ಟರೆ ತೆಗೆಯುವುದು, ಎಡಗಡೆ ಕೊಟ್ಟರೆ ಬಾಯಿ ಮುಚ್ಚಿಕೊಂಡು ಇರುವುದು. ನಮ್ಮ ಕಡೆ ಮನೆ ಕಟ್ಟುವುದಕ್ಕೂ ಹೆಣ್ಣು ನೋಡುವುದಕ್ಕೂ ಹೀಗೆ ಕೇಳಿದ್ದುಂಟು. ನಾನು ಒಪ್ಪಿದೆ. ಆದರೆ ರಾತ್ರಿ ಮಲಗಿದ ಮೇಲೆ ಲೆಕ್ಕ ಹಾಕಿದೆ. ಎಡಗಡೆ ಬಿದ್ದರೆ? ದೇವರ ಮಾತು ಮೀರುವ ಧೈರ್ಯ ನನಗಿಲ್ಲ. ಆ ಸೀಟಿನಲ್ಲಿ ಅತ್ತೆಯನ್ನು ಮತ್ತೆ ಕೂರಿಸುವ ಧೈರ್ಯವೂ ಇಲ್ಲ.

ಬುಧವಾರ ಬೆಳಗ್ಗೆ ಮೂವರೂ ಸ್ನಾನ ಮಾಡಿ ಪಾರ್ಕಿಂಗಿಗೆ ಇಳಿದೆವು. ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಸೇವಂತಿಗೆಯ ಎರಡು ಎಸಳನ್ನು ನೀರಿನಲ್ಲಿ ಅದ್ದಿ ಗಣಪತಿಯ ಎರಡೂ ಭುಜಕ್ಕೆ ಅಂಟಿಸಿದೆ. ಗಾಳಿಗೆ ಬೀಳಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದೆವು. ಸೊಸೈಟಿಯ ವಾಚ್‌ಮನ್ ಎರಡು ಸಲ ಬಂದು ಇಣುಕಿ, ಗಾಡಿ ಸ್ಟಾರ್ಟ್ ಆಗುತ್ತಿಲ್ಲವೇ, ತಳ್ಳಬೇಕೇ ಎಂದು ಕೇಳಿದ.

ಅರ್ಧ ಗಂಟೆಯಾಯಿತು. ಬೆವರಿಳಿಯಿತು. ಎಸಳು ಎರಡೂ ಅಲ್ಲೇ. ನಾನು ಬಲಗಡೆಯ ಎಸಳನ್ನು ನೋಡುತ್ತ, ಉಸಿರು ಬಿಟ್ಟರೆ ಅದಕ್ಕೆ ತಾಗೀತೇ ಎಂದು ಒಂದು ಕ್ಷಣ ಯೋಚಿಸಿದೆ. ಯೋಚಿಸಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ತಕ್ಷಣ ನಾಚಿಕೆಯಾಗಿ ಸೆರಗು ಬಾಯಿಗೆ ಹಿಡಿದುಕೊಂಡೆ.

ಅತ್ತೆ ಮೊಣಕಾಲು ನೀವಿಕೊಳ್ಳುತ್ತಿದ್ದರು. ನನ್ನ ಕಡೆ ಒಮ್ಮೆ ನೋಡಿದರು, ಮಗನ ಕಡೆ ಒಮ್ಮೆ.

"ಇವಗ ಹೂ ಬಿಡಾಕ ಬರಬೇಕಲ್ಲ" ಎಂದರು. "ನಿನ್ನ ಕಾರ್ಖಾನಿ ಅಂಟಿನ್ಯಾಗ ಇವನಽ ಸಿಕ್ಕೊಂಡು ಕೂತಾನ. ಪಾಪ, ಮೊದಲ ಇವನ್ನ ಬಿಡಸ್ರಿ."

"ಮತ್ತ ಪ್ರಸಾದ?"

"ನಾ ಹೇಳಾಕತ್ತೇನಲ್ಲ. ಅವನ ಮನಸ್ಸು ನನಗ ಗೊತ್ತಾಗಂಗಿಲ್ಲೇನು?" ಎಂದವರೇ ಎರಡೂ ಎಸಳನ್ನು ತಾವೇ ತೆಗೆದು ಒಂದನ್ನು ತಮ್ಮ ಕಣ್ಣಿಗೆ ಒತ್ತಿಕೊಂಡು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು.

ಅವತ್ತೇ ಗ್ಯಾರೇಜಿಗೆ ಹೋದೆವು. ಅಲ್ಲಿನ ಮೇಸ್ತ್ರಿ ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮೀನು ಹಿಡಿಯುವ ನೈಲಾನ್ ದಾರವನ್ನು ಪೀಠದ ಅಡಿ ಹಾಕಿ ಗರಗಸದ ಹಾಗೆ ಎಳೆದ. ಮುಕ್ಕಾಲು ಗಂಟೆ ಹಿಡಿಯಿತು. ಚಪ್ಪಲಿ ಹೊರಗೇ ಬಿಟ್ಟು ಗಾಡಿ ಹತ್ತಿದ್ದ, ನಾವೇನೂ ಹೇಳಿರಲಿಲ್ಲ. ಗಣಪತಿ ಬಂದ, ಮುಚ್ಚಳದ ಮೇಲೆ ಅಂಗೈಯಷ್ಟು ಒರಟು ಕಲೆ ಉಳಿಯಿತು, ಹರಿಯಲಿಲ್ಲ. ಅಲ್ಲಿಂದ ಗಾಡಿಯನ್ನು ಕಾರು ಕಂಪನಿಯ ವರ್ಕ್‌ಶಾಪಿಗೆ ಒಯ್ದು ಪರೀಕ್ಷೆ ಮಾಡಿಸಿ, ಚೀಲ ಸರಿಯಿದೆ ಎಂದು ಬರೆಸಿಕೊಂಡು ಬಂದೆವು. ಖರ್ಚು ನಾವೇ ಹಾಕಿದೆವು, ವಿಮೆಯ ರಿಯಾಯಿತಿ ಹಾಗೇ ಉಳಿಯಿತು. ಗಣಪತಿ ದೇವರಮನೆಯ ಹಳೆಯ ಪೀಠಕ್ಕೆ ಹೋದ.

ಗುರುವಾರ ಮಠಕ್ಕೆ ಹೊರಟಾಗ ಅತ್ತೆ ಮುಖ ಗಂಟು ಹಾಕಿಕೊಂಡೇ ಬೆಲ್ಟ್ ಹಾಕಿಸಿಕೊಂಡರು. ಹಿಂದೆ ಕೂತ ನಾನು ದಾರಿಯುದ್ದಕ್ಕೂ ಮಾತಿಗೆ ಕಾಯುತ್ತಿದ್ದೆ. ಹಿಂಜವಾಡಿ ಕಡೆಯಿಂದ ಬರುವ ಕಂಪನಿ ಬಸ್ಸುಗಳು ಸೇರುವ ಸಿಗ್ನಲ್ಲಿನ ಹತ್ತಿರ ಬಾಯಿ ಬಿಟ್ಟರು.

"ಏನೋ ಇದು, ಇಷ್ಟು ಹತ್ತಿರ ಹೋಗ್ತೀ ಆ ಬಸ್ಸಿಗೆ?"

"ಯಾವಾಗಲೂ ಹಿಂಗಽ ಹೋಗೂದವ್ವಾ."

"ನನಗೇನು ಗೊತ್ತು. ಇಷ್ಟ ದಿನಾ ನಾ ಅವನ ಮಾರಿ ನೋಡಿಕೋತ ಕೂಡತಿದ್ದೆ, ರಸ್ತಾ ಎಲ್ಲಿ ನೋಡೀನಿ? ಸಾವಕಾಶ ಹೋಗು. ಆ ಸ್ಪೀಡಿನ ಮುಳ್ಳು ಎಲ್ಲಿಗೆ ಬಂದದ ನೋಡು."

ನಮ್ಮವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ. ಮುಳ್ಳು ಕೆಳಗಿಳಿಯಿತು, ಮಠ ಮುಟ್ಟಲು ಅವತ್ತು ಕಾಲು ಗಂಟೆ ಹೆಚ್ಚೇ ಹಿಡಿಯಿತು.