ಹೆಸರು ಕೂಗದ ಆಯೇರಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಸೊಲ್ಲಾಪುರದ ಮನೆಯೊಂದರ ಹಿಂಬದಿಯ ಕೋಣೆಯಲ್ಲಿ ಮೂರು ಗೋಡೆಗೂ ದಪ್ಪ ಚಾದರಗಳು ತೂಗುಬಿದ್ದಿವೆ. ನೀಲಗಂಗಾ ಫ್ಯಾನ್ ಆರಿಸಿ, ಮೈಕು ಹತ್ತಿರ ಎಳೆದುಕೊಂಡು ಗಂಟಲು ಸರಿಪಡಿಸಿಕೊಳ್ಳುತ್ತಾರೆ. "ದುಧನಿ ಪೇಟ್ಯಾಗ ನಿನ್ನಿ ತೊಗರಿ ಕ್ವಿಂಟಲಿಗೆ ಏಳು ಸಾವಿರದ ನೂರಾ ಐವತ್ತು..." ಅನ್ನುವಷ್ಟರಲ್ಲಿ ಬಾಗಿಲಾಚೆಯಿಂದ ಗಂಡ ಉದಯಕುಮಾರರ ಧ್ವನಿ. "ನೀರು ಬಂದಾವ, ಮೋಟರ್ ಹಚ್ಚಲೇನು?"

"ಹದಿನೈದು ಮಿನಿಟ ತಡೀರಿ."

"ಐದು ದಿನಕ್ಕೊಮ್ಮಿ ಬರೂ ನೀರು, ನಿನ್ನ ತೊಗರಿ ಸಲುವಾಗಿ ನಿಂದರತಾವೇನು?"

ನೀಲಗಂಗಾ ನಗುತ್ತ ಮೊದಲಿಂದ ಓದುತ್ತಾರೆ. ಆರೂವರೆಗೆ ಹನ್ನೆರಡು ನಿಮಿಷದ 'ಮುಂಜಾನಿ ಮಾತು' ಅಕ್ಕಲಕೋಟ ತಾಲೂಕಿನ ಮೂವತ್ತೆಂಟು ವಾಟ್ಸಾಪ್ ಗುಂಪುಗಳಿಗೆ ಹೋಗಬೇಕು. ಪೇಟೆ ಧಾರಣೆ, ಎಸ್‌ಟಿ ಬಸ್ಸಿನ ಸಮಯ, ಯಾರು ತೀರಿಕೊಂಡರು, ಯಾವ ಊರಿನಲ್ಲಿ ದನದ ಡಾಕ್ಟರು ಇರುತ್ತಾರೆ, ಇವೆಲ್ಲ ಅದರಲ್ಲಿರುತ್ತವೆ. ಅವರ ಕೈಯಲ್ಲಿರುವ ಹಾಳೆಯ ಮೇಲೆ ಅಕ್ಷರ ದೇವನಾಗರಿ, ಮಾತು ಕನ್ನಡ. "ಸಾಲಿ ಮರಾಠಿ ಆತಲ್ರಿ. ಕನ್ನಡ ಮಾತಾಡಾಕ ಬರತದ, ಓದಾಕ ಬರಂಗಿಲ್ಲ. ಕೇಳೂ ಮಂದೀದೂ ಹಂಗ ಅದ. ಅದಕ್ಕ ಪೇಪರ್ ಬ್ಯಾಡ, ಕಿವೀಲೆ ಕೇಳೂದು ಮಾಡೂಣು ಅಂತ ಹೊಂಟೆ."

ನಲವತ್ಮೂರರ ನೀಲಗಂಗಾ ಹಗಲಲ್ಲಿ ಗಂಡನ ಚಾದರದ ಅಂಗಡಿಯ ಲೆಕ್ಕ ಬರೆಯುತ್ತಾರೆ. ತವರು ದುಧನಿ. ತಂದೆ ಮಲಕಾಜಪ್ಪ ಅಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ವ್ಯಾಪಾರಿಯಾಗಿದ್ದರು. ತೀರಿಕೊಂಡು ಒಂಬತ್ತು ವರ್ಷವಾಯಿತು.

ಬುಲೆಟಿನ್ ಶುರುವಾದದ್ದು 2022ರಲ್ಲಿ, ಕ್ರೌಡ್‌ಫಂಡಿಂಗ್‌ನಿಂದ. ದೇಣಿಗೆ ಎತ್ತುವ ಜಾಲತಾಣವೊಂದರಲ್ಲಿ ನಲವತ್ತೈದು ದಿನದ ಗಡುವು ಹಾಕಿ ಮೂರು ಲಕ್ಷ ರೂಪಾಯಿ ಕೇಳಿದರು. ಪುಣೆ, ಮುಂಬಯಿ, ಬೆಂಗಳೂರಿನ 142 ಮಂದಿ ಆನ್‌ಲೈನಿನಲ್ಲಿ 2,58,000 ರೂಪಾಯಿ ಕೊಟ್ಟರು. ಉಳಿದದ್ದಕ್ಕಾಗಿ ನೀಲಗಂಗಾ ಬಸ್ಸು ಹತ್ತಿ ದುಧನಿ, ಕರಜಗಿ, ಚಪಳಗಾಂವಗಳಲ್ಲಿ ವಂತಿಗೆ ಪಟ್ಟಿ ಎತ್ತಿದರು. ಐವತ್ತೊಂದು, ನೂರಾ ಒಂದು, ಐನೂರಾ ಒಂದರ ಲೆಕ್ಕದಲ್ಲಿ 46,700 ರೂಪಾಯಿ ಕೂಡಿತು. ಜಾಲತಾಣ ನಗದು ಹಣ ತೆಗೆದುಕೊಳ್ಳುವುದಿಲ್ಲ. ಅಷ್ಟನ್ನೂ ತಮ್ಮ ಖಾತೆಗೆ ಕಟ್ಟಿ, ಒಂದೇ ದೇಣಿಗೆಯಾಗಿ ಹಾಕಿದರು. ಪುಟದ ಮೇಲೆ ಬಂದ ಸಾಲು: 'ನೀಲಗಂಗಾ ಮತ್ತು ಹಿತೈಷಿಗಳು'.

ದಾನಿಗಳ ಹೆಸರನ್ನು ಧ್ವನಿಯಲ್ಲಿ ಓದುತ್ತೇವೆ ಎಂದು ಆ ಪುಟದಲ್ಲಿ ಮಾತು ಕೊಟ್ಟಿದ್ದರು. ಮೊದಲ ಹದಿನೈದು ದಿನ ಪುಟದಲ್ಲಿದ್ದ 142 ಹೆಸರನ್ನೂ ತಪ್ಪದೆ ಓದಿದರು. ಹಳ್ಳಿಯವರ ಹೆಸರು ಪುಟದಲ್ಲಿರಲಿಲ್ಲ. ಓದಲಿಲ್ಲ.

ಯಾರೂ ಏನೂ ಅನ್ನಲಿಲ್ಲ. ಬುಲೆಟಿನ್ ಕೇಳಿದರು, ಮುಂದಕ್ಕೂ ಕಳಿಸಿದರು. 2024ರಲ್ಲಿ ರೊಕ್ಕ ಮುಗಿದು ನೀಲಗಂಗಾ ಎರಡನೆಯ ಸಲ ಕೇಳಿದಾಗ ಎಲ್ಲ ಮನೆಯಲ್ಲೂ ಚಹಾ ಸಿಕ್ಕಿತು, ಪಟ್ಟಿ ಬೆಳೆಯಲಿಲ್ಲ. ಮೂರೂ ಊರು ಸೇರಿ 1,150 ರೂಪಾಯಿ. ಆನ್‌ಲೈನಿನಲ್ಲಿ ಅರವತ್ತು ಸಾವಿರ. ಗುರಿ ಮುಟ್ಟದಿದ್ದರೆ ದೇಣಿಗೆ ವಾಪಸ್ಸು ಎಂಬುದು ಜಾಲತಾಣದ ಷರತ್ತು. ಆ ಹಣವೂ ಹಿಂದಕ್ಕೆ ಹೋಯಿತು.

ಕಾರಣ ತಿಳಿದದ್ದು ಕರಜಗಿಯ ಗಿರಿಜಾಬಾಯಿಯವರ ಕಟ್ಟೆಯ ಮೇಲೆ. ಮೊದಲ ಸಲ ತೀರಿಹೋದ ಗಂಡನ ಹೆಸರಿನಲ್ಲಿ ನೂರಾ ಒಂದು ಕೊಟ್ಟಿದ್ದ ಮುದುಕಿ ಆಕೆ. "ಲಗ್ನದಾಗ ಆಯೇರಿ, ಮುಯ್ಯಿ ಮಾಡಿದ್ರ ಹೆಸರು ಕೂಗತಾರಿಲ್ಲ? ಹದಿನೈದು ದಿನ ಫೋನ್ ಕಿವೀಗಿ ಹಚ್ಚಿಕೊಂಡು ಕುಂತಿದ್ದೆ. ಪುಣೇದವ್ರು ಬಂದ್ರು, ಮುಂಬೈದವ್ರು ಬಂದ್ರು. ನಮ್ಮವರು ಬರಲೇ ಇಲ್ಲ."

"ಆವಾಗ ಯಾಕ ಹೇಳಲಿಲ್ಲ ಆಯಿ?" ಎಂದು ನೀಲಗಂಗಾ ಕೇಳಿದರಂತೆ.

"ಹೇಳಿ ಕೂಗಿಸ್ಕೊಳ್ಳೂದೇನ ಅದು? ಇರಲಿ ಬಿಡವ್ವಾ."

ಆ ಮಾತು ನೀಲಗಂಗಾ ಅವರಿಗೆ ನಾಟಿದ್ದಕ್ಕೆ ಬೇರೆಯೇ ಕಾರಣವಿದೆ. "ದುಧನ್ಯಾಗ ಯಾರ ಲಗ್ನ ಇದ್ರೂ ಆಯೇರಿ ಬರಿಯಾಕ ನಮ್ಮಪ್ಪನ್ನ ಕರೀತಿದ್ರು. ಹತ್ತು ರೂಪಾಯಿ ಇರಲಿ, ಕುಬಸದ ಕಣ ಇರಲಿ, ಹೆಸರು, ಊರು ಕೂಗಿ ಬರೀತಿದ್ರು. ಸಣ್ಣಾಕಿದ್ದಾಗ ಬಾಜೂಕ ಕುಂತು ನೋಡೀನಿ. ಎಲ್ಲಾ ಗೊತ್ತಿದ್ದು ಕಂಪ್ಯೂಟರಿನ್ಯಾಗ ಏನು ಕಾಣತದೋ ಅಷ್ಟ ಓದಿದೆ."

ಕಳೆದ ಆಗಸ್ಟಿನಿಂದ ಪ್ರತಿ ಬುಲೆಟಿನ್ನಿನ ಕೊನೆಗೆ ನಾಲ್ಕು ಹೆಸರು ಓದುತ್ತಿದ್ದಾರೆ. ದುಧನಿ ಮತ್ತು ಕರಜಗಿಯ 204 ಹೆಸರು ಹಳೆಯ ಡೈರಿಯಲ್ಲಿದ್ದವು, ಓದಿ ಮುಗಿದವು. ತೊಡಕು ಚಪಳಗಾಂವದ್ದು. ಅಲ್ಲಿ ಜನ ಒಂದು ಕಡೆ ಸೇರಿದ್ದಾಗ ಟವೆಲ್ ಹಾಸಿ ಒಂದೇ ತಾಸಿನಲ್ಲಿ 16,300 ರೂಪಾಯಿ ಎತ್ತಿದ್ದರು. ಬಸ್ಸಿಗೆ ಹೊತ್ತಾಗಿತ್ತು, ಒಂದು ಹೆಸರನ್ನೂ ಬರೆದುಕೊಳ್ಳಲಿಲ್ಲ. ಕೊಟ್ಟವರು ನೂರರ ಆಸುಪಾಸು ಇರಬಹುದೆಂಬ ಅಂದಾಜಿದೆ. ರವಿವಾರಕ್ಕೊಮ್ಮೆ ಹೋಗಿ ಓಣಿ ಓಣಿ ಕೇಳಿ ಅರವತ್ಮೂರು ಹೆಸರು ಕೂಡಿಸಿದ್ದಾರೆ.

ಹೋದ ರವಿವಾರ ಊರ ಹೊರಗೆ ಕುರಿ ಮೇಯಿಸುತ್ತಿದ್ದ ಶಾಂತಪ್ಪ ಸಿಕ್ಕರು. ಅವರು ಕೊಟ್ಟದ್ದನ್ನು ಕಂಡವರು ಇಬ್ಬರಿದ್ದಾರೆ. ನೀಲಗಂಗಾ ಡೈರಿ ತೆರೆದರು. ಶಾಂತಪ್ಪ ಕೋಲಿಗೆ ಗದ್ದ ಊರಿ ನಿಂತರು.

"ಎಷ್ಟು ಕೊಟ್ಟಿದ್ರಿ ಕಾಕಾ?"

"ಕೊಟ್ಟಾಂವ ನೆನಪಿಡಬಾರದು, ತಗೊಂಡಾಕಿ ಇಡಬೇಕು."

"ನಂದು ತಪ್ಪಾಗ್ಯಾದ್ರಿ. ಹೆಸರರೇ ಬರಕೋತೀನಿ."

"ಈಗ ನಾನ ಬರಸಿದ್ರ, ನನ್ನ ಹೆಸರು ನಾನ ಕೂಗಿದಂಗ ಆತು ನೋಡು. ಬ್ಯಾಡ ತಂಗಿ. ಬಿಸಲಾಗ್ಯಾದ, ಮನೀಗಿ ನಡಿ, ನೀರು ಕುಡದು ಹೋಗು."

ಡೈರಿಯಲ್ಲಿ ಆ ಸಾಲು ಖಾಲಿ ಉಳಿದಿದೆ. ಕೇಳದೆಯೇ ಓದಿಬಿಡಬಹುದಿತ್ತಲ್ಲ ಎಂದರೆ ನೀಲಗಂಗಾ ತಲೆ ಅಲ್ಲಾಡಿಸುತ್ತಾರೆ. "ಒಂದು ಸಲ ಕೇಳದ ಬಿಟ್ಟೆ. ಈಗ ಕೇಳದ ಓದಿದ್ರ ಎರಡನೇ ತಪ್ಪು."

ಸಮಯ ಕಡಿಮೆ ಇದೆ. ಇಬ್ಬರು ಹಳ್ಳಿ ವರದಿಗಾರರಿಗೆ ತಲಾ ಎರಡೂವರೆ ಸಾವಿರ, ಸಂದೇಶ ಕಳಿಸುವ ಸೇವೆಗೆ 1,600, ಬಸ್ಸಿಗೆ 800. ತಿಂಗಳಿಗೆ 7,400 ರೂಪಾಯಿಯನ್ನು ಒಂದು ವರ್ಷದಿಂದ ಮನೆಯಿಂದಲೇ ಹಾಕುತ್ತಿದ್ದಾರೆ. ಮಾರ್ಚ್ ಕೊನೆಗೆ 'ಮುಂಜಾನಿ ಮಾತು' ನಿಲ್ಲುತ್ತದೆ ಎಂದು ಗಂಡ ಹೆಂಡತಿ ಕೂಡಿಯೇ ತೀರ್ಮಾನಿಸಿದ್ದಾರೆ. ಉಳಿದಿರುವುದು ಹತ್ತು ರವಿವಾರ, ಸಿಗದ ಹೆಸರು ನಲವತ್ತರ ಹತ್ತಿರ.

ಇನ್ನೊಮ್ಮೆ ರೊಕ್ಕ ಎತ್ತುವ ಆಸೆ ಇದೆಯೇ? ಇಲ್ಲವಂತೆ. ಬೇರೆ ಆಸೆಯೊಂದಿದೆ ಎನ್ನುತ್ತಾರೆ. "ಯಾರರೇ ಒಬ್ರು ಬಾಗಲದಾಗ ನಿಂತು, 'ನಮ್ಮ ರೊಕ್ಕ ತಗೊಂಡು ಹೆಸರು ನುಂಗಿದಿ' ಅಂತ ನನ್ನ ಬೈಬೇಕ್ರಿ. ಬೈದ್ರ ಕಾಲು ಹಿಡಕೊಂಡು ತಪ್ಪಾತು ಅನಬಹುದು. ಒಬ್ರೂ ಬೈಯಂಗಿಲ್ಲ."